ಪೂವಯ್ಯ ಸೌಂಡ್

ನಮ್ಮಲ್ಲಿ ಗಿರಾಕಿ ಅಂಗಡಿಗೆ ಬಂದು "ಇದರ ಸೌಂಡ್ ಚೆನ್ನಾಗುಂಟು" ಎಂದರೆ ಇದು ಜೋರಾಗಿದೆ ಎಂದರ್ಥ. "ಸೌಂಡ್ ಸಾಲದು" ಎಂದರೆ ಇನ್ನೂ ಜೋರು ಬೇಕು. "ಸ್ವಲ್ಪ ಸೌಂಡ್ ಕೊಡಿ" ಎಂದರೆ ವಾಲ್ಯೂಮ್ ತಿರುಗಿಸಿ. ದನಿಯ ಗುಣಕ್ಕೂ ಅದರ ಗದ್ದಲಕ್ಕೂ ಒಂದೇ ಮಾತು ಇಟ್ಟುಕೊಂಡ ಜನರಿಗೆ ಸ್ಪೀಕರ್ ಆರಿಸಿಕೊಡುವುದು ನನ್ನ ಉದ್ಯೋಗವಾಗಿತ್ತು. ಕಿವಿ ಎರಡನ್ನೂ ಉಳಿಸಿಕೊಂಡು ಹೋದ ವರ್ಷ ನಿವೃತ್ತಿಯಾದೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನ ಹತ್ತಿರ ಬರುತ್ತಾರೆ. ದೇವಕಿ ಅಕ್ಕ, ಒಳ್ಳೆಯ ಸ್ಪೀಕರ್ ಯಾವುದು ಎಂದು ಗುರುತಿಸುವುದು ಹೇಗೆ ಎಂದು ಕೇಳುತ್ತಾರೆ. ಬರುವ ಮೊದಲೇ ಫೋನಿನಲ್ಲಿ ಹತ್ತಾರು ವಿಡಿಯೋ ನೋಡಿರುತ್ತಾರೆ. ಅದರಲ್ಲಿ ಯಾವನೋ ಒಬ್ಬ ದೊಡ್ಡ ಸ್ಪೀಕರ್ ಹಾಕಿ ಕೇಳಿಸುತ್ತಾನೆ. ಇವರು ಆ ದೊಡ್ಡ ಸ್ಪೀಕರಿನ ದನಿಯನ್ನು ತಮ್ಮ ಫೋನಿನ ಸಣ್ಣ ತೂತಿನಲ್ಲಿ ಕೇಳಿ, ಹೌದೌದು, ವ್ಯತ್ಯಾಸ ಗೊತ್ತಾಗುತ್ತದೆ ಎಂದು ತಲೆಯಾಡಿಸಿರುತ್ತಾರೆ. ಇಂಥವರಿಗೆ ಕಲಿಸುವುದು ಕಷ್ಟವಲ್ಲ, ಮರೆಸುವುದು ಕಷ್ಟ. ಆದರೂ ಬರೆಯುತ್ತೇನೆ, ಓದಿದವರು ಓದಲಿ.

ನಾನು ಮೂರ್ನಾಡಿನವಳು. ಈ ಕೆಲಸಕ್ಕೆ ಮೊದಲು ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದೆ. ಅಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಒಂದು ಕೋಣೆಯಿತ್ತು. ಕಪ್ಪು ತೊಳೆಯುವುದು, ಬಿಸಿನೀರು ಹೊಯ್ಯುವುದು, ಯಾವ ಕಪ್ಪು ಯಾವ ಎಸ್ಟೇಟಿನದು ಎಂಬ ಚೀಟಿಯನ್ನು ಕಪ್ಪಿನ ಅಡಿಗೆ ಅಂಟಿಸುವುದು ನನ್ನ ಪಾಲಿನ ಕೆಲಸ. ರುಚಿ ನೋಡುವವರು ಚಮಚದಲ್ಲಿ ಸೊರ್ರೆಂದು ಹೀರಿ, ಬಾಯಿಯೊಳಗೆ ತಿರುಗಿಸಿ, ಉಗಿದು, ಮುಂದಿನ ಕಪ್ಪಿಗೆ ಹೋಗುತ್ತಿದ್ದರು. ಯಾರ ತೋಟದ್ದು ಎಂದು ಯಾರೂ ಕೇಳುವಂತಿರಲಿಲ್ಲ. ಹೆಸರು ಗೊತ್ತಾದರೆ ನಾಲಿಗೆ ಸುಳ್ಳು ಹೇಳುತ್ತದೆ ಎಂದು ಅಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಆ ಕಪ್ಪುಗಳನ್ನು ತೊಳೆಯುವಾಗ ನಾನು ಒಂದು ವಿದ್ಯೆ ಕಲಿಯುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಮಡಿಕೇರಿಯಲ್ಲಿ ಆಡಿಯೋ ಅಂಗಡಿ ಇಟ್ಟಿದ್ದ ಪೂವಯ್ಯ ಸಾರ್ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನಾನು ಕಡಿಮೆ ಮಾತಾಡುತ್ತೇನೆ ಎಂಬ ತಪ್ಪು ತಿಳಿವಳಿಕೆಯಿಂದ. ತೆಳ್ಳಗಿನ ಆಳು, ಇಸ್ತ್ರಿ ಮುರಿಯದ ಶರಟು. ಅವರಿಗೆ ತೋಟವಿರಲಿಲ್ಲ, ಪಾಲಾಗಿ ಬಂದದ್ದನ್ನು ಅಣ್ಣನಿಗೇ ಬಿಟ್ಟುಕೊಟ್ಟಿದ್ದರು. ಕ್ಲಬ್ಬಿನಲ್ಲಿ ಹೆಸರಿರಲಿಲ್ಲ. ಇದ್ದದ್ದು ಕಿವಿ ಮಾತ್ರ. ಪೂವಯ್ಯನ ಕಿವಿ ಅಂದರೆ ಕಿವಿ ಎಂದು ಪೊನ್ನಂಪೇಟೆಯ ತನಕ ಮಾತಿತ್ತು. ಬಂಗಲೆಗಳಲ್ಲಿ ಯಾರೇ ಸಿಸ್ಟಂ ಇಡಿಸಲಿ, ಕೊನೆಗೆ ಅವರು ಬಂದು ಕೂತು ಕೇಳಿ, ಗುಂಡಿಗಳನ್ನು ಅಷ್ಟಿಷ್ಟು ತಿರುಗಿಸಿ, "ಆಯ್ತು" ಎಂದರೆ ಮಾತ್ರ ಅದು ಆದಂತೆ. ಆ "ಆಯ್ತು" ಎಂಬ ಒಂದು ಮಾತೇ ಅವರ ಆಸ್ತಿ.

ಅವರು ಕಲಿಸಿದ ಮೊದಲ ಪಾಠ ಇಂದಿಗೂ ಮೈಗೆ ಅಂಟಿಕೊಂಡಿದೆ. ಎರಡು ಸೆಟ್ಟಿನಲ್ಲಿ ಒಂದೇ ಕ್ಯಾಸೆಟ್ ಹಾಕಿ ಯಾವುದು ಚೆನ್ನಾಗಿದೆ ಎಂದು ಕೇಳಿದರು. ಎರಡನೆಯದು ಎಂದೆ. ಏಕೆ ಎಂದರು. ಅದರಲ್ಲಿ ತುಂಬಿದ ಹಾಗೆ ಕೇಳುತ್ತದೆ, ತಬಲಾ ಹತ್ತಿರ ಬಂದಿದೆ ಎಂದೆಲ್ಲ ಬಾಯಿಗೆ ಬಂದದ್ದು ಹೇಳಿದೆ.

"ಎರಡೂ ಒಂದೇ ಸೆಟ್ಟು ಮಾರಾಯ್ತಿ," ಎಂದರು. "ಎರಡನೇದಕ್ಕೆ ಒಂಚೂರು ವಾಲ್ಯೂಮ್ ಜಾಸ್ತಿ ಇಟ್ಟೆ, ಅಷ್ಟೆ. ಜೋರು ಅಂತ ನಿಂಗೆ ಗೊತ್ತಾಗ್ಲಿಲ್ಲ, ಚಂದ ಅಂತ ಗೊತ್ತಾಯ್ತು."

ಇದು ಈ ವ್ಯಾಪಾರದ ಅತಿ ದೊಡ್ಡ ಗುಟ್ಟು, ಮತ್ತು ಅತಿ ದೊಡ್ಡ ಮೋಸ. ಸ್ವಲ್ಪವೇ ಜೋರಾದರೆ ಕಿವಿ ಅದನ್ನು ಜೋರು ಎಂದು ಹೇಳುವುದಿಲ್ಲ, ಒಳ್ಳೆಯದು ಎಂದು ಹೇಳುತ್ತದೆ. ಎಷ್ಟೋ ಅಂಗಡಿಗಳು ಇದೊಂದು ವಿದ್ಯೆಯಿಂದಲೇ ಮಹಡಿ ಕಟ್ಟಿಸಿವೆ. ಪೂವಯ್ಯ ಸಾರ್ ಮಾತ್ರ ಎರಡು ಸೆಟ್ಟನ್ನು ತಾಳೆ ನೋಡುವ ಮೊದಲು ಎರಡರ ದನಿಯನ್ನೂ ಸಮಕ್ಕೆ ತರುತ್ತಿದ್ದರು. ಆದ್ದರಿಂದಲೇ ನಮ್ಮ ಅಂಗಡಿಗೆ ಮಹಡಿ ಇರಲಿಲ್ಲ.

ಯಾವ ಹಾಡು ಹಾಕಿ ಪರೀಕ್ಷೆ ಮಾಡಬೇಕು ಎಂಬುದರಲ್ಲಿ ನಾವು ಮೂರ್ಖರಾದ ಕತೆ ಹೇಳಬೇಕು. ಊರಿನವರಿಗೆಲ್ಲ ಗೊತ್ತಿರುವ ಸದ್ದೇ ಆಗಬೇಕು ಎಂದು ಯೋಚಿಸಿ, ಮದುವೆಯ ವಾಲಗವನ್ನು ಚೆನ್ನಾಗಿ ರೆಕಾರ್ಡ್ ಮಾಡಿಸಿ ತಂದೆವು. ಡೋಲು, ಕೊಂಬು ಎಲ್ಲ ಇರುವುದರಿಂದ ಸ್ಪೀಕರಿನ ಹಣೆಬರಹ ಗೊತ್ತಾಗುತ್ತದೆ ಎಂದು ಲೆಕ್ಕ. ಆದದ್ದೇ ಬೇರೆ. ವಾಲಗ ಶುರುವಾದರೆ ಕೊಡಗಿನವರ ಕಿವಿ ಮುಚ್ಚಿಹೋಗಿ ಕಾಲು ತೆರೆದುಕೊಳ್ಳುತ್ತದೆ. ಬಂದ ಗಿರಾಕಿಗಳೆಲ್ಲ ಕೈ ಮೇಲೆತ್ತಿ ಕುಣಿದು, ಬೆವರು ಒರೆಸಿಕೊಂಡು, ಇದೇ ಕೊಡಿ ಎಂದು ಹೇಳಿ ಹೋದರು. ಯಾವ ಸೆಟ್ಟು ಹಾಕಿದರೂ ಇದೇ ಕೊಡಿ. ಒಬ್ಬ ನಿವೃತ್ತ ಸುಬೇದಾರರು ಕುಣಿದು ಕುಣಿದು ಮೆಚ್ಚಿಕೊಂಡ ಮೇಲೆ ನೋಡಿದರೆ ಎಡಗಡೆಯ ಪೆಟ್ಟಿಗೆಗೆ ವೈರೇ ಕೊಟ್ಟಿರಲಿಲ್ಲ. ತಿಳಿಸಿ ಹೇಳೋಣವೆಂದು ಪೂವಯ್ಯ ಸಾರ್ ಕಡೆ ತಿರುಗಿದೆ. ಅವರೂ ಕೌಂಟರಿನ ಹಿಂದೆ ಕುಣಿಯುತ್ತಿದ್ದರು.

ಅದಾದ ಮೇಲೆ ಸಾರ್ ವಾಲಗದ ಕ್ಯಾಸೆಟ್ಟನ್ನು ಒಳಗಿಟ್ಟು, ಎದುರಿನ ಹೋಟೆಲಿನ ಉಸ್ಮಾನ್ ಕಾಕನನ್ನು ಕರೆದು ತಂದರು. ಕಾಕ ತನ್ನ ಗಲ್ಲಾದಲ್ಲಿ ಕೂತು ದಿನವಿಡೀ ಕೂಗುತ್ತಿದ್ದ ತಿಂಡಿಗಳ ಹೆಸರನ್ನೇ ಮೈಕಿನ ಮುಂದೆ ಹೇಳಿಸಿ ರೆಕಾರ್ಡ್ ಮಾಡಿದರು. ಪುಟ್ಟು, ಪರೋಟ, ಸಾಂಬಾರ್, ಸಮೋಸ, ಸೀಖು ಕಬಾಬ್, ಸುಲೈಮಾನಿ ಚಾ. ಕಾಕನ ಹಲ್ಲಿನ ಸಂದಿಯಿಂದ "ಸ" ಬರುವಾಗ ಜೊತೆಗೆ ಒಂದು ಸಣ್ಣ ಸೀಟಿಯೂ ಬರುತ್ತಿತ್ತು. ಅಸಲು ಕಾಕ ರಸ್ತೆಯ ಆಚೆಗೇ ಇದ್ದುದರಿಂದ ತಾಳೆ ನೋಡುವುದು ಸುಲಭ: ಬಾಗಿಲಿಗೆ ಹೋಗಿ ಅವನ ಕೂಗು ಕೇಳಿ, ಒಳಗೆ ಬಂದು ಸ್ಪೀಕರಿನಲ್ಲಿ ಕೇಳಿ. ದೊಡ್ಡ ಹಾಡುಗಾರರ ದನಿ ಅಸಲಿಗೆ ಹೇಗಿದೆ ಎಂದು ನಮಗೆ ಯಾರಿಗೂ ಗೊತ್ತಿಲ್ಲ, ಕಾಕನ ದನಿ ಎಲ್ಲರಿಗೂ ಗೊತ್ತು. ಬೆಳೆಗಾರರು ದೊಡ್ಡ ಕಾರಿನಲ್ಲಿ ಬಂದಿಳಿದು, ಮೆತ್ತನೆಯ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಕಾದರೆ "ಪರೋಟ, ಸಾಂಬಾರ್" ಎಂದು ಬರುತ್ತಿತ್ತು. ಕೆಲವರಿಗೆ ಅವಮಾನವಾಗುತ್ತಿತ್ತು, ಕೆಲವರಿಗೆ ಹಸಿವಾಗುತ್ತಿತ್ತು. ಕೇಳಿದ್ದು ಮಾತ್ರ ಎಲ್ಲರೂ ಸರಿಯಾಗಿಯೇ ಕೇಳಿದರು.

ಪರದೆ ಕಟ್ಟುವ ಪದ್ಧತಿ ನಾನು ತಂದದ್ದು. ಇದೇ ಬೆಳೆಗಾರರು ಕಾಫಿ ರುಚಿ ನೋಡುವಾಗ ಹೆಸರು ಮುಚ್ಚಿಡಿ ಎನ್ನುತ್ತಾರೆ, ಸ್ಪೀಕರ್ ಮುಂದೆ ಕೂತರೆ ಹೆಸರು ಕೇಳದೆ ಕಿವಿಯನ್ನೇ ತೆರೆಯುವುದಿಲ್ಲ. ಇದು ನನಗೆ ತಡೆಯಲಾಗದೆ, ಒಂದು ಹಳೆಯ ಬೆಡ್‌ಶೀಟನ್ನು ಅಂಗಡಿಗೆ ಅಡ್ಡ ಕಟ್ಟಿ ಸೆಟ್ಟುಗಳನ್ನೆಲ್ಲ ಅದರ ಹಿಂದೆ ಇಟ್ಟು, ಒಂದು, ಎರಡು ಎಂದು ಹೆಸರಿಟ್ಟೆ. ಗಂಡಸರ ನಡುವೆ ನನ್ನನ್ನು ಧೂಳು ಒರೆಸುವವಳು ಎಂದುಕೊಂಡು, ಸಾರ್ ಇಲ್ವಾ ಎಂದು ಕೇಳುತ್ತಿದ್ದವರು ಆ ಬೆಡ್‌ಶೀಟಿನ ಮುಂದೆ ಮಾತ್ರ ಸ್ವಲ್ಪ ತಗ್ಗಿದರು.

ಚಂಗಪ್ಪ ಎಂಬ ಬೆಳೆಗಾರರು ವಿದೇಶದಿಂದ ಒಂದು ಸ್ಪೀಕರ್ ಕೇಬಲ್ ತರಿಸಿದ್ದರು. ಗಿಡಕ್ಕೆ ನೀರು ಬಿಡುವ ಪೈಪಿನಷ್ಟು ದಪ್ಪ. ಅದನ್ನು ಹಾಕಿದ ಮೇಲೆ ಗಾಯಕಿಯ ಉಸಿರೂ ಕೇಳುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಪರದೆಯ ಹಿಂದೆ ಅವರ ಕೇಬಲ್ಲನ್ನು ಹಾಕಿದ್ದೇನೆ ಎಂದು ಹೇಳಿ, ನಮ್ಮ ಅಂಗಡಿಯ ಮಾಮೂಲಿ ವೈರನ್ನೇ ಬಿಟ್ಟೆ. ಅವರು ಕಣ್ಣು ಮುಚ್ಚಿ, ಉಸಿರು ಕೇಳಿ, ಆಹಾ ಎಂದರು. ಪರದೆ ಸರಿಸಿದೆ. ಸ್ವಲ್ಪ ಹೊತ್ತು ವೈರನ್ನೇ ನೋಡಿ, ನನ್ನ ಕೇಬಲ್ ಪಕ್ಕದಲ್ಲೇ ಇತ್ತಲ್ಲ, ಅದರ ಪ್ರಭಾವ ಇದಕ್ಕೂ ತಾಗಿದೆ ಎಂದರು. ಇಂಥ ಮನುಷ್ಯನನ್ನು ಯಾವ ಪರದೆಯೂ ಏನೂ ಮಾಡಲಾರದು. ನೀವು ಪರದೆ ಕಟ್ಟುವುದು ಗಿರಾಕಿಯನ್ನು ಸೋಲಿಸುವುದಕ್ಕಲ್ಲ, ನಿಮ್ಮ ಕಿವಿ ನಿಮಗೇ ಸುಳ್ಳು ಹೇಳದಂತೆ ನೋಡಿಕೊಳ್ಳುವುದಕ್ಕೆ. ಇಷ್ಟು ಗೊತ್ತಾದರೆ ಸಾಕು.

ಕಾಲ ಬದಲಾಯಿತು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಎಲ್ಲವೂ ಫೋನಿಗೆ ಬಂತು. ಟಿವಿಯ ಅಡಿಗೆ ಒಂದು ಉದ್ದನೆಯ ಕೋಲಿನಂಥದ್ದನ್ನು ಇಟ್ಟು, ಹದಿನಾರು ಸ್ಪೀಕರಿನ ಪರಿಣಾಮ ಎನ್ನುವವರು ಬಂದರು. ಅದರ ಜೊತೆಗೆ ಇನ್ನೊಂದೂ ಬದಲಾಯಿತು, ಅದು ಗೊತ್ತಾಗಲು ನನಗೆ ಹೊತ್ತು ಹಿಡಿಯಿತು. ಪೂವಯ್ಯ ಸಾರ್ ಇಟ್ಟುಕೊಟ್ಟ ಸಿಸ್ಟಂಗಳು ಚುಚ್ಚತೊಡಗಿದವು.

ಟ್ರೆಬಲ್ ಎಂಬ ಗುಂಡಿ ತಾಳದ ಕಿಣಿಕಿಣಿ, ಮಾತಿನ "ಸ", "ಶ" ಇಂಥ ಚೂಪು ಸದ್ದನ್ನು ಏರಿಸಿ ಇಳಿಸುತ್ತದೆ. ಪೆಟ್ಟಿಗೆಯ ಮೇಲ್ಗಡೆಯ ಸಣ್ಣ ಟ್ವೀಟರ್ ಹೊರಡಿಸುವುದೂ ಅದೇ ಸದ್ದನ್ನು. ಸಾರ್ ಬಂಗಲೆಗಳಲ್ಲಿ ಕೂತು ಆ ಗುಂಡಿಯನ್ನು ಪ್ರತಿ ಸಲವೂ ಮೊದಲಿಗಿಂತ ಸ್ವಲ್ಪ ಹೆಚ್ಚು ತಿರುಗಿಸುತ್ತಿದ್ದರು. ಆಮೇಲೆ ತೃಪ್ತಿಯಿಂದ "ಆಯ್ತು" ಎನ್ನುತ್ತಿದ್ದರು. ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ವಯಸ್ಸಾದಂತೆ ಕಿವಿಯಿಂದ ಮೊದಲು ಹೋಗುವುದು ಈ ಚೂಪು ಸದ್ದುಗಳೇ. ಉಳಿದದ್ದೆಲ್ಲ ಕೇಳುವುದರಿಂದ, ಹೋದದ್ದು ಯಾರಿಗೂ ತಿಳಿಯುವುದಿಲ್ಲ.

ಹೇಳುವ ಧೈರ್ಯ ನನಗಿರಲಿಲ್ಲ. ಅಡಿಗೆಯವರಿಗೆ ನಾಲಿಗೆ ಕೆಟ್ಟಿದೆ ಎಂದು ಹೇಳಬಹುದು, ಅವರಿಗೆ ಕೈಯಾದರೂ ಇರುತ್ತದೆ. ಈ ಮನುಷ್ಯನಿಗೆ ಕಿವಿ ಬಿಟ್ಟರೆ ಊರಿನಲ್ಲಿ ಬೇರೆ ಗುರುತೇ ಇರಲಿಲ್ಲ. ಹಾಗಾಗಿ ಜೀಪು ಹತ್ತುವ ಹೊತ್ತಿಗೆ, ಸ್ಕ್ರೂಡ್ರೈವರ್ ಒಳಗೇ ಬಿಟ್ಟೆ ಎಂದು ಓಡಿಹೋಗಿ ಟ್ರೆಬಲ್ ಇಳಿಸಿ ಬರುತ್ತಿದ್ದೆ. ಈ ದೇವಕಿಗೆ ಮರೆವು ಜಾಸ್ತಿಯಾಗಿದೆ, ವಯಸ್ಸಾಯಿತು ಎಂದು ಸಾರ್ ಎಲ್ಲರ ಹತ್ತಿರ ಹೇಳಿಕೊಂಡು ಬಂದರು. ನಾನು ಮುಂದಿನ ಮನೆಯಲ್ಲೂ ಸ್ಕ್ರೂಡ್ರೈವರ್ ಮರೆತೆ.

ತಂಗಮ್ಮ ಟೀಚರ್ ಮನೆಯಲ್ಲಿ ಆ ಉಪಾಯ ನಡೆಯಲಿಲ್ಲ. ಅಂದು ನಾನು ಜೊತೆಗೆ ಹೋಗಿರಲಿಲ್ಲ. ಟೀಚರ್ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಸಂಗೀತ ಕಲಿತವರು, ಬಿಡುವ ಪೈಕಿಯಲ್ಲ. ಅಂಗಡಿಗೆ ಬಂದು, ನೀವು ಇಟ್ಟುಕೊಟ್ಟ ಸಿಸ್ಟಂನಲ್ಲಿ "ಸ" ಅಂದರೆ ಕಿವಿಗೆ ಸೂಜಿ ಹಾಕಿದ ಹಾಗಾಗುತ್ತದೆ ಎಂದರು. ಸಾರ್ ನಕ್ಕು, ದೋಷ ಸಿಸ್ಟಂನಲ್ಲಿಲ್ಲ, ಟೀಚರ್ ಒಮ್ಮೆ ಕಿವಿ ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಎಂದರು. ಟೀಚರ್ ಮುಖ ಕೆಂಪಾಯಿತು. ಯಾರ ಕಿವಿ ಕೆಟ್ಟಿದೆ ಎಂದು ನೋಡಿಯೇ ಬಿಡುವ ಎಂದು ಅಲ್ಲೇ ಕೂತುಬಿಟ್ಟರು.

ಸಾರ್ ನನ್ನ ಕಡೆ ತಿರುಗಿದರು. "ಪರದೆ ಕಟ್ಟು. ಒಂದೇ ಥರದ ಎರಡು ಪೆಟ್ಟಿಗೆ ಇಡು, ಒಂದರ ಟ್ವೀಟರ್ ವೈರ್ ತೆಗಿ. ಯಾವುದು ಅಂತ ನಂಗೂ ಹೇಳ್ಬೇಡ, ಟೀಚರ್‌ಗೂ ಹೇಳ್ಬೇಡ. ಕಾಕನ ಟೇಪ್ ಹಾಕು."

ನಾನು ಪರದೆಯ ಹಿಂದೆ ವೈರ್ ಹಿಡಿದುಕೊಂಡು ನಿಂತೆ. ವೈರನ್ನು ತೆಗೆಯದೇ ಬಿಟ್ಟರೆ ಇಬ್ಬರಿಗೂ ವ್ಯತ್ಯಾಸ ಕೇಳುವುದಿಲ್ಲ, ಸಾರ್ ಉಳಿಯುತ್ತಾರೆ. ಆದರೆ ಟೀಚರ್ ತಮ್ಮ ಕಿವಿ ಕೆಟ್ಟಿದೆ ಎಂದು ನಂಬಿಕೊಂಡು ಮನೆಗೆ ಹೋಗುತ್ತಾರೆ, ಆ ಸೂಜಿಯನ್ನು ದಿನವೂ ಸಹಿಸುತ್ತಾರೆ. ಅಲ್ಲದೆ, ಪರದೆಯ ಹಿಂದೆ ನಿಂತವಳೇ ಕೈವಾಡ ಮಾಡಿದರೆ ಈ ಪರದೆಗೆ ಅರ್ಥವೇನು? ಎರಡನೆಯ ಪೆಟ್ಟಿಗೆಯ ವೈರ್ ತೆಗೆದೆ. ಎರಡರ ದನಿಯನ್ನೂ ಸಮಕ್ಕೆ ಇಟ್ಟು ಟೇಪ್ ಹಾಕಿದೆ.

ಕಾಕನ ಸಾಂಬಾರ್, ಸಮೋಸ ಎಲ್ಲ ಮುಗಿದವು. ಎರಡನೆಯದರಲ್ಲಿ ಕಾಕ ಕಂಬಳಿ ಹೊದ್ದುಕೊಂಡು ಮಾತಾಡುತ್ತಿದ್ದಾನೆ ಎಂದರು ಟೀಚರ್.

"ಎರಡೂ ಒಂದೇ ಕೇಳ್ತದೆ," ಎಂದರು ಸಾರ್. "ನೀನು ವೈರ್ ತೆಗೀಲೇ ಇಲ್ಲ ದೇವಕಿ."

ಅವರೇ ಎದ್ದು ಬಂದು ಪರದೆ ಸರಿಸಿದರು. ಎರಡನೆಯ ಪೆಟ್ಟಿಗೆಯ ಹಿಂದೆ ವೈರ್ ನೇತಾಡುತ್ತಿತ್ತು. ಅದನ್ನು ಬೆರಳಲ್ಲಿ ಹಿಡಿದು, ಮತ್ತೊಮ್ಮೆ ಟೇಪ್ ಹಾಕಲು ಹೇಳಿ, ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳಿದರು. ಆಮೇಲೆ ಕುರ್ಚಿಯಲ್ಲಿ ಹೋಗಿ ಕೂತರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಅಷ್ಟು ಹೊತ್ತು ಜಗಳಕ್ಕೆ ನಿಂತಿದ್ದ ಟೀಚರ್ ಸೆರಗು ಸರಿಮಾಡಿಕೊಂಡು, ಇವತ್ತು ವೋಲ್ಟೇಜ್ ಕಡಿಮೆ ಇರಬೇಕು, ಇನ್ನೊಂದು ದಿನ ನೋಡುವ ಎಂದು ಎದ್ದು ಹೋದರು. ಆಕೆಯ ಮೇಲೆ ನನಗೆ ಆವತ್ತು ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ.

ಕೆಲವು ದಿನ ಸಾರ್ ಅಂಗಡಿಗೆ ಬರಲಿಲ್ಲ. ಮನೆಗೆ ಹೋದೆ. ಅವರ ಹೆಂಡತಿ ಬೋಜಮ್ಮಕ್ಕ ಕಾಫಿ ಕೊಟ್ಟು ಹತ್ತಿರ ಕೂತರು. ನಿಮಗೆ ಮೊದಲೇ ಗೊತ್ತಾಗಲಿಲ್ವಾ ಅಕ್ಕ ಎಂದು ಕೇಳಿದೆ.

"ಕುಕ್ಕರ್ ಸೀಟಿ ಕೇಳ್ತಿಲ್ಲ ಅಂತ ಗೊತ್ತಿತ್ತು," ಎಂದರು. "ಅದು ಗಂಡಸರಿಗೆ ಮೊದ್ಲಿಂದಲೂ ಕೇಳೋದಿಲ್ಲ ಅಲ್ವಾ, ಹಾಗೆ ಅಂದ್ಕೊಂಡೆ."

ಆಮೇಲೆ ಒಂದು ಬೆಳಿಗ್ಗೆ ಸಾರ್ ಕಿವಿಯ ಹಿಂದೆ ಹಿಯರಿಂಗ್ ಏಡ್ ಹಾಕಿಕೊಂಡು ಅಂಗಡಿಗೆ ಬಂದರು. ಆ ದಿನವೆಲ್ಲ ಜಗಳ. ಪೇಪರ್ ಯಾಕೆ ಇಷ್ಟು ಸದ್ದು ಮಾಡುತ್ತದೆ, ನಿನ್ನ ಬಳೆ ತೆಗೆದಿಡು, ಫ್ಯಾನಿಗೆ ಎಣ್ಣೆ ಹಾಕಿಸು. ಮಧ್ಯಾಹ್ನ ತಾವೇ ಹದ ಮಾಡಿಟ್ಟಿದ್ದ ಡೆಮೋ ಸೆಟ್ಟನ್ನು ಹಾಕಿ ಕೇಳಿದರು. ಮುಖ ಹಿಂಡಿಕೊಂಡು ಪಟ್ಟನೆ ಆರಿಸಿದರು. ಹೀಗೆ ಎಷ್ಟು ಮನೆಯಲ್ಲಿ ಇಟ್ಟಿದ್ದೇನೆ ಎಂದು ಕೇಳಿದರು. ನನ್ನ ಸ್ಕ್ರೂಡ್ರೈವರ್ ಕತೆಯನ್ನು ಆಗ ಹೇಳಿದೆ. ನೀನು ಜೊತೆಗೆ ಬಾರದ ಮನೆಗಳು ಯಾವುವು ಎಂದಷ್ಟೇ ಕೇಳಿ, ಜೀಪಿನ ಕೀ ತೆಗೆದುಕೊಂಡರು.

ಮನೆಮನೆಗೆ ಹೋದೆವು. ನನ್ನ ಕಿವಿ ಕೆಟ್ಟಿತ್ತು, ಅದಕ್ಕೆ ಇದು ಹೀಗಾಗಿದೆ, ಸರಿಮಾಡಿ ಕೊಡುತ್ತೇನೆ ಎಂದು ಸಾರ್ ಎಲ್ಲ ಕಡೆಯೂ ಬಾಯಿಬಿಟ್ಟು ಹೇಳಿದರು. ಊರಿನಲ್ಲಿ ತಮಗಿದ್ದ ಒಂದೇ ಹೆಸರನ್ನು ತಾವೇ ಅಳಿಸುತ್ತ ಹೋದರು. ಟೀಚರ್ ಮನೆಯಲ್ಲಿ ಊಟವೇ ಆಯಿತು. ಬೇರೆ ಕೆಲವರು ಮುಂದೆ ಚಹಾ ಕೊಟ್ಟು, ನಾವು ಹೊರಟ ಮೇಲೆ ಬೇರೆ ಅಂಗಡಿಗೆ ಫೋನ್ ಮಾಡಿದರು ಎಂದು ಆಮೇಲೆ ತಿಳಿಯಿತು. ಕಿವಿ ಕೆಟ್ಟಿದೆ ಎಂದು ಒಪ್ಪಿಕೊಂಡವನಿಗಿಂತ, ಕೆಟ್ಟದ್ದು ಗೊತ್ತೇ ಇಲ್ಲದವನ ಮೇಲೆ ಜನರಿಗೆ ನಂಬಿಕೆ ಹೆಚ್ಚು.

ಕೊನೆಗೆ ಪೊನ್ನಂಪೇಟೆ ಕಡೆಯ ನಾಚಪ್ಪ ಎಂಬವರ ಹೋಂಸ್ಟೇಗೆ ಹೋದೆವು. ಅಲ್ಲಿ ಕೂತು ಹಾಡು ಕೇಳುವ ದೊಡ್ಡ ಹಾಲಿನ ಬಾಗಿಲ ಮೇಲೆ ಹೊಸ ಬೋರ್ಡ್ ತೂಗುಹಾಕಿದ್ದರು. ಮರದ ಹಲಗೆ, ಬಿಳಿ ಅಕ್ಷರ: ಪೂವಯ್ಯ ಸೌಂಡ್. ನಾಚಪ್ಪ ಹೆಮ್ಮೆಯಿಂದ ತೋರಿಸಿ, ಗೆಸ್ಟ್‌ಗಳಿಗೆಲ್ಲ ಇದು ಭಾರೀ ಇಷ್ಟ, ಇಷ್ಟು ಕ್ಲಿಯರ್ ಎಲ್ಲೂ ಇಲ್ಲ ಎನ್ನುತ್ತಾರೆ, ಫೋಟೋ ತೆಗೆದು ಹಾಕುತ್ತಾರೆ ಎಂದರು. ಹಾಡು ಹಾಕಿದರು. ಗಾಜು ಒಡೆದ ಹಾಗಿತ್ತು. ಸಾರ್ ಕಿವಿಗೆ ಕೈ ಹೋಯಿತು.

ಇದು ತಪ್ಪಾಗಿದೆ, ಟ್ರೆಬಲ್ ಇಳಿಸಬೇಕು ಎಂದರು ಸಾರ್. ನಾಚಪ್ಪ ಗುಂಡಿಗೆ ಅಡ್ಡ ನಿಂತರು. ಹಾಗೇ ಇರಲಿ, ನಮಗೆ ಅಭ್ಯಾಸವಾಗಿದೆ, ಇಳಿಸಿದರೆ ಮಂಕಾಗುತ್ತದೆ, ಬೋರ್ಡು ಬೇರೆ ಬರೆಸಿ ಆಗಿದೆ ಎಂದರು.

"ನೀವು ಬೋರ್ಡ್ ಹಾಕಿರೋದು ನನ್ನ ಕಿವುಡಿಗೆ ನಾಚಪ್ಪ," ಎಂದರು ಸಾರ್. "ಅದಕ್ಕೆ ನನ್ನ ಹೆಸರು ಬೇಡ."

ನಾಚಪ್ಪ ಹುಳ್ಳಗೆ ನಕ್ಕು ಪಕ್ಕಕ್ಕೆ ಸರಿದರು. ಸಾರ್ ಮೊಣಕಾಲೂರಿ ಕೂತು, ಗುಂಡಿಯನ್ನು ಇಷ್ಟಿಷ್ಟೇ ಇಳಿಸಿ, ಕೇಳಿ, ಮತ್ತೆ ಇಳಿಸಿ, ನನ್ನ ಕಡೆ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಆಯ್ತು ಎಂದು ಈ ಸಲ ನಾನು ಹೇಳಬೇಕಿತ್ತು. ಹೇಳಿದೆ.

ಹೊರಗೆ ಬಂದು ಜೀಪಿನ ಹತ್ತಿರ ನಿಂತಿದ್ದೆವು. ಹಾಲಿನಲ್ಲಿ ಹಾಡು ಹದವಾಗಿ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ತಾಳ ಚುರ್ರೆಂದು ಚೂಪಾಯಿತು. ನಾಚಪ್ಪ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಟ್ಟಿದ್ದರು, ನಾವು ಗೇಟು ದಾಟುವ ತನಕವೂ ಕಾಯಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ನಾಲ್ಕು ಮಾತು ಹೇಳಿ ಬರುತ್ತೇನೆ ಎಂದು ತಿರುಗಿದೆ.

ಸಾರ್ ನನ್ನ ತೋಳು ಹಿಡಿದು ನಿಲ್ಲಿಸಿದರು. ಕಿವಿ ಹಾಲಿನ ಕಡೆಗಿತ್ತು, ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಏರಿಸಿದ ಅಲ್ವಾ?" ಎಂದರು. "ನಂಗೆ ಇಲ್ಲಿಗೇ ಕೇಳಿತು ದೇವಕಿ."